ಆರ್ಥೋ ಟೆಕ್ನಿಷಿಯನ್ ಪರೀಕ್ಷೆಗೆ ಓದು: ಮನೆಯಲ್ಲಾ, ಮೊಬೈಲಿನಲ್ಲಾ, ಹುಬ್ಬಳ್ಳಿಯಲ್ಲಾ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ಶಿರಸಿ, ಸಿದ್ದಾಪುರ ಕಡೆಯ ಆಸ್ಪತ್ರೆಗಳ ಪ್ಲಾಸ್ಟರ್ ರೂಮಿಗೆ ಕೆಲಸ ಜಾಸ್ತಿ. ಮರದಿಂದ ಬಿದ್ದವರು, ತೋಟದ ಸಂಕದಲ್ಲಿ ಜಾರಿದವರು ಬರುತ್ತಾರೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾದಲ್ಲಿ ಹೆದ್ದಾರಿಯ ಬೈಕ್ ಅಪಘಾತಗಳು ವರ್ಷವಿಡೀ ಇದ್ದೇ ಇವೆ. ಡಾಕ್ಟರು ಮೂಳೆ ಕೂಡಿಸಿದ ಮೇಲೆ ಕಟ್ಟು ಹಾಕುವುದು, ಟ್ರ್ಯಾಕ್ಷನ್ (ಭಾರ ಕಟ್ಟಿ ಮುರಿದ ಭಾಗವನ್ನು ಎಳೆದು ಹಿಡಿಯುವ ಏರ್ಪಾಡು) ಹೂಡುವುದು, ವಾರಗಳ ನಂತರ ಆ ಕಟ್ಟನ್ನು ಕತ್ತರಿಸಿ ತೆಗೆಯುವುದು ಆರ್ಥೋ ಟೆಕ್ನಿಷಿಯನ್ ಕೆಲಸ. ಇದನ್ನು ಚೆನ್ನಾಗಿ ಮಾಡುವ ಎಷ್ಟೋ ಜನರ ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ. ಹೊಸ ಕೆಲಸಕ್ಕೆ ಹೋದರೆ ಮೊದಲು ಕೇಳುವುದು ಅದನ್ನೇ.

ನನ್ನ ಹತ್ತಿರ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣ, ಮನೆಯಲ್ಲೇ ಕೂತು ಓದಿದರೆ ಸಾಕಾ? ಆನ್‌ಲೈನ್ ಕ್ಲಾಸಿಗೆ ದುಡ್ಡು ಕಟ್ಟಲಾ? ಇಲ್ಲ ಕೆಲಸ ಬಿಟ್ಟು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಿಬಿಡಲಾ?" ಕೇಳುವವರು ಮಾತ್ರ ಬೇರೆ ಬೇರೆ ತರದವರು. ಒಬ್ಬರು ವರ್ಷಗಟ್ಟಲೆ ಪ್ಲಾಸ್ಟರ್ ರೂಮಿನಲ್ಲೇ ಬೆಳೆದ ಅಟೆಂಡರ್. ಒಬ್ಬಳು ಈಗಷ್ಟೇ ಓಟಿ (ಆಪರೇಷನ್ ಥಿಯೇಟರ್) ಡಿಪ್ಲೊಮಾ ಮುಗಿಸಿದ ಹುಡುಗಿ. ಇನ್ನೊಬ್ಬರು ಭಟ್ಕಳದವರು, ಕಣ್ಣು ಗಲ್ಫಿನ ಕಡೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ದುಡ್ಡು ಹಾಳಾಗುತ್ತದೆ.

ಮೊದಲಿಗೆ, ಯಾವ ಪರೀಕ್ಷೆ?

ಹೇಗೆ ಓದಬೇಕು ಅನ್ನುವ ಮೊದಲು ಇದು ಇತ್ಯರ್ಥ ಆಗಬೇಕು. "ಆರ್ಥೋ ಟೆಕ್ನಿಷಿಯನ್ ಸರ್ಟಿಫಿಕೇಟ್" ಅಂತ ಒಂದೇ ಒಂದು ಕಾಗದ ಇಲ್ಲ. ಅಮೆರಿಕದಲ್ಲಿ ಎನ್‌ಬಿಸಿಒಟಿ ಅನ್ನುವ ಮಂಡಳಿ ನಡೆಸುವ ಪರೀಕ್ಷೆ ಇದೆ. ಪಾಸಾದವರು ಹೆಸರಿನ ಮುಂದೆ ಒಟಿಸಿ ಅಂತ ಹಾಕಿಕೊಳ್ಳುತ್ತಾರೆ. ಪೂರ್ತಿ ಇಂಗ್ಲಿಷಿನಲ್ಲಿ, ಸರಿಯುತ್ತರ ಆರಿಸುವ ಮಾದರಿಯ ಪ್ರಶ್ನೆಗಳು. ಕೂರಬೇಕಾದರೆ ಮೂಳೆ ವಿಭಾಗದ ಕೆಲಸದ ಅನುಭವವನ್ನೋ ತರಬೇತಿಯನ್ನೋ ತೋರಿಸಬೇಕು. ಒಮ್ಮೆ ಪಾಸಾದರೆ ಮುಗಿಯಿತು ಅಂತಲೂ ಅಲ್ಲ, ಕೆಲವು ವರ್ಷಕ್ಕೊಮ್ಮೆ ನವೀಕರಣ ಇರುತ್ತದೆ. ನಮ್ಮ ರಾಜ್ಯದಲ್ಲಿ ಪ್ಯಾರಾಮೆಡಿಕಲ್ ಡಿಪ್ಲೊಮಾಗಳ ಪರೀಕ್ಷೆ ನಡೆಸುವುದು ಪ್ಯಾರಾಮೆಡಿಕಲ್ ಬೋರ್ಡ್. ಅದರ ಮೇಲೆ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯೂ ಇದೆ, ಡಾಕ್ಟರ್, ನರ್ಸ್ ಮೊದಲಾದವರನ್ನು ಬಿಟ್ಟು ಉಳಿದ ಆರೋಗ್ಯ ಕೆಲಸಗಾರರನ್ನು ಒಂದು ನಿಯಮದೊಳಗೆ ತರುವುದಕ್ಕೆ. ಗಲ್ಫಿನ ಕಥೆ ಬೇರೆ. ಅಲ್ಲಿ ಆಯಾ ದೇಶದ ಆರೋಗ್ಯ ಪ್ರಾಧಿಕಾರದ ಲೈಸೆನ್ಸ್ ಬೇಕು. ನಿಮ್ಮ ಸರ್ಟಿಫಿಕೇಟ್ ನಿಜವೋ ಸುಳ್ಳೋ ಅಂತ ಕೊಟ್ಟ ಸಂಸ್ಥೆಯನ್ನೇ ಕೇಳಿ ನೋಡುತ್ತಾರೆ.

ಆದ್ದರಿಂದ ನೀವು ಸೇರಬೇಕೆಂದಿರುವ ಆಸ್ಪತ್ರೆಗೋ, ಕಳಿಸುವ ಏಜೆಂಟರಿಗೋ ಒಂದು ಪ್ರಶ್ನೆ ಬರೆದು ಕಳಿಸಿ: ಯಾವ ಕಾಗದ ಇದ್ದರೆ ನನ್ನನ್ನು ತೆಗೆದುಕೊಳ್ಳುತ್ತೀರಿ? ಉತ್ತರವೂ ಬರಹದಲ್ಲೇ ಇರಲಿ. "ಆರು ತಿಂಗಳಲ್ಲಿ ಅಂತರರಾಷ್ಟ್ರೀಯ ಸರ್ಟಿಫಿಕೇಟ್" ಅಂತ ಗೋಡೆಗೆ ಅಂಟಿಸುವವರು ನಮ್ಮ ಕಡೆಯೂ ಇದ್ದಾರೆ. ಅದಕ್ಕೆ ಯಾರ ಮಾನ್ಯತೆ ಇದೆ ಅಂತ ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ.

ಪರೀಕ್ಷೆ ಯಾವುದೇ ಇರಲಿ, ಒಳಗಿನ ಸರಕು ಬಹುಪಾಲು ಒಂದೇ. ಮೂಳೆ, ಕೀಲು, ನರಗಳ ಹೆಸರು ಮತ್ತು ಜಾಗ. ಮುರಿತದ ವಿಧಗಳು. ಸ್ಲ್ಯಾಬ್ (ಸುತ್ತಲೂ ಅಲ್ಲದೆ ಒಂದು ಬದಿಗೆ ಇಟ್ಟು ಕಟ್ಟುವ ಪ್ಲಾಸ್ಟರ್ ಪಟ್ಟಿ), ಪೂರ್ತಿ ಕಟ್ಟು, ಟ್ರ್ಯಾಕ್ಷನ್. ಊರುಗೋಲು, ಬ್ರೇಸ್ ಅಳತೆ. ಕಟ್ಟಿನಿಂದ ಆಗುವ ತೊಂದರೆಗಳು. ಓಟಿಯಲ್ಲಿ ಸ್ವಚ್ಛತೆ, ಸಲಕರಣೆ. ಯಾವ ಭಾಗಕ್ಕೆ ಎಷ್ಟು ಪ್ರಶ್ನೆ ಅನ್ನುವುದನ್ನು ಪರೀಕ್ಷೆ ನಡೆಸುವವರ ಕೈಪಿಡಿಯಲ್ಲೇ ನೋಡಿ. ಕೈಪಿಡಿ ಓದದೇ ಪುಸ್ತಕ ಕೊಳ್ಳಬೇಡಿ.

ಯಾವುದರ ಮೇಲೆ ತೂಗಬೇಕು

ಐದು ಸಂಗತಿ ಸಾಕು. ಮೊದಲನೆಯದು ಉಳಿದ ನಾಲ್ಕಕ್ಕಿಂತ ದೊಡ್ಡದು: ನಿಮ್ಮ ಕೊರತೆ ಕೈಯಲ್ಲಿದೆಯೋ, ಪೇಪರಿನಲ್ಲಿದೆಯೋ?

ಇದನ್ನು ಕಂಡುಹಿಡಿಯಲು ಒಂದು ಸಂಜೆ ಬೇಕು ಅಷ್ಟೇ. ಮೊಣಕೈ ಕೆಳಗಿನ ಕಟ್ಟು ಹಾಕುವುದನ್ನು ಬಾಯಲ್ಲಿ ಹೇಳಿ ನೋಡಿ, ಪ್ರತಿ ಹಂತಕ್ಕೂ ಯಾಕೆ ಅಂತ ಸೇರಿಸಿ. ಹತ್ತಿಯ ಪ್ಯಾಡಿಂಗ್ ಸುತ್ತುವಾಗ ಪ್ರತಿ ಸುತ್ತು ಹಿಂದಿನದನ್ನು ಅರ್ಧ ಮುಚ್ಚಬೇಕು ಯಾಕೆ? ಕಟ್ಟು ಅಂಗೈಯ ಗೆರೆಯ ಹತ್ತಿರವೇ ನಿಲ್ಲಬೇಕು ಯಾಕೆ? ಒದ್ದೆ ಪ್ಲಾಸ್ಟರನ್ನು ಬೆರಳ ತುದಿಯಲ್ಲಿ ಒತ್ತದೆ ಅಂಗೈಯಲ್ಲೇ ತೀಡಬೇಕು ಯಾಕೆ? ಇಲ್ಲಿ ತಡವರಿಸಿದರೆ ನಿಮ್ಮ ಕೊರತೆ ಪೇಪರಿನಲ್ಲಿ. ಇದೆಲ್ಲ ಪಟಪಟ ಹೇಳಿ, ಹಿರಿಯರ ಎದುರು ಸ್ಲ್ಯಾಬ್ ಮಾಡಲು ಹೋದಾಗ ಪ್ಲಾಸ್ಟರ್ ಕೈಯಲ್ಲೇ ಗಟ್ಟಿಯಾಗಿಬಿಟ್ಟರೆ ಕೊರತೆ ಕೈಯಲ್ಲಿ. ಎರಡರಲ್ಲೂ ಇರುವವರೂ ಇದ್ದಾರೆ. ಅವರು ಮೊದಲು ಕೈ ನೋಡಿಕೊಳ್ಳಲಿ. ಕೈ ಕಂಡದ್ದನ್ನು ಓದಿದಾಗ ಬೇಗ ಹತ್ತುತ್ತದೆ.

ಎರಡನೆಯದು, ತಪ್ಪನ್ನು ತಿದ್ದುವವರು ಯಾರು. ಮೂರನೆಯದು ಸಮಯ: ಡ್ಯೂಟಿ ಹೇಗಿದೆ, ಘಟ್ಟ ಹತ್ತಿ ಇಳಿಯಬೇಕಾ. ನಾಲ್ಕನೆಯದು ದುಡ್ಡು. ಇಲ್ಲಿ ಫೀಸು ಒಂದನ್ನೇ ಲೆಕ್ಕ ಹಾಕಬೇಡಿ. ಬಿಟ್ಟ ಸಂಬಳ, ರೂಮಿನ ಬಾಡಿಗೆ, ಊಟ, ಬಸ್ಸು ಎಲ್ಲ ಸೇರಿಸಿ. ಐದನೆಯದು ಇಂಗ್ಲಿಷ್. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿಷಯ ಗೊತ್ತಿದ್ದರೂ ಪ್ರಶ್ನೆಯ ವಾಕ್ಯ ಬಿಡಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ.

ಪ್ಲಾಸ್ಟರ್ ರೂಮಿನಲ್ಲೇ ಕಲಿಯುವುದು

ಯಾರಿಗೂ ಇದನ್ನು ಒಂದು ಆಯ್ಕೆ ಅಂತಲೇ ಅನಿಸುವುದಿಲ್ಲ, ಯಾಕೆಂದರೆ ಫೀಸಿಲ್ಲ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ನೀವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಬ್ಬ ಒಳ್ಳೆ ಹಿರಿಯ ಟೆಕ್ನಿಷಿಯನ್ ಇದ್ದರೆ, ಆರ್ಥೋ ಡಾಕ್ಟರ್ ಪ್ರಶ್ನೆ ಕೇಳಿದರೆ ಸಿಡುಕದವರಾಗಿದ್ದರೆ, ನಿಮಗೆ ಆಗಲೇ ಅರ್ಧ ಕೋಚಿಂಗ್ ಸಿಕ್ಕಿದೆ.

ಕೈಯಲ್ಲಿ ಮಾಡಿ ಕಲಿಯಬೇಕಾದ್ದು ಇದರಲ್ಲಿ ಬಹಳ ಇದೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜನ್ನೇ ತೆಗೆದುಕೊಳ್ಳಿ. ನೀರಿಗೆ ಅದ್ದಿದಾಗ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು ಎರಡೂ ತುದಿಯಿಂದ ಮೆಲ್ಲಗೆ ಹಿಂಡಬೇಕು. ಜೋರಾಗಿ ಹಿಂಡಿದರೆ ಹಿಟ್ಟೆಲ್ಲ ನೀರಿಗೆ ಹೋಗುತ್ತದೆ, ಹಿಂಡದಿದ್ದರೆ ರೋಗಿಯ ಮೈಮೇಲೆಲ್ಲ ಸುರಿಯುತ್ತದೆ. ಎಷ್ಟು ಹಿಂಡಬೇಕು ಅನ್ನುವುದನ್ನು ಪುಸ್ತಕ ಹೇಳಲಾರದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ತೆರೆದಿಟ್ಟ ರೋಲ್ ತೇವ ಹೀರಿಕೊಂಡು ಅಲ್ಲಲ್ಲಿ ಗಂಟುಗಟ್ಟುತ್ತದೆ. ಅಂಥದ್ದು ನೀರಿಗೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಬಿಗಿ ಮುಚ್ಚಳದ ಡಬ್ಬ ಬಿಟ್ಟು ಬೇರೆ ಉಪಾಯವಿಲ್ಲ. ಫೈಬರ್ ಕಟ್ಟಿನದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಅಂಟು ಗಾಳಿಯ ತೇವಕ್ಕೇ ಗಟ್ಟಿಯಾಗಲು ಶುರುವಾಗುತ್ತದೆ. ಹಾಗಾಗಿ ಪ್ಯಾಕೆಟ್ಟುಗಳನ್ನು ಮೊದಲೇ ಒಡೆದು ಸಾಲಾಗಿ ಇಟ್ಟುಕೊಳ್ಳುವಂತಿಲ್ಲ, ಒಂದು ಮುಗಿಸಿ ಇನ್ನೊಂದು. ಗ್ಲೌಸ್ ಇಲ್ಲದೆ ಮುಟ್ಟುವಂತೆಯೂ ಇಲ್ಲ.

ಕತ್ತರಿಸುವ ಗರಗಸವೂ ಹಾಗೇ. ಅದರ ಬ್ಲೇಡು ಗಿರಗಿರ ತಿರುಗುವುದಿಲ್ಲ, ಸಣ್ಣಗೆ ಅತ್ತಿತ್ತ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಕತ್ತರಿಸುತ್ತದೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅದುರುವುದರಿಂದ ಸುಲಭಕ್ಕೆ ಕತ್ತರಿಸುವುದಿಲ್ಲ. ಆದರೆ ಬ್ಲೇಡು ಕಾಯುತ್ತದೆ. ಒತ್ತಬೇಕು, ಎತ್ತಬೇಕು, ಮುಂದೆ ಹೋಗಬೇಕು. ಎಳೆದರೆ ಚರ್ಮ ಸುಡುತ್ತದೆ, ಕೊಯ್ಯಲೂಬಹುದು. ಪ್ಲಾಸ್ಟರ್ ಮುಗಿದು ಹತ್ತಿ ಸಿಕ್ಕಿತು ಅನ್ನುವುದು ಕೈಗೆ ತಿಳಿಯುವ ಸಂಗತಿ. ಇದನ್ನು ಯಾವ ವಿಡಿಯೊ ಕಲಿಸೀತು?

ಹಾಗಾದರೆ ಪ್ಲಾಸ್ಟರ್ ರೂಮೊಂದೇ ಸಾಕಾ? ಸಾಲದು. ಎರಡು ಕಾರಣ.

ಒಂದು, ಪ್ರತಿ ಆಸ್ಪತ್ರೆಗೂ ಅದರದ್ದೇ ರೂಢಿ ಇರುತ್ತದೆ, ಅದರಲ್ಲಿ ಕೆಲವು ತಪ್ಪು. ಜುಲೈ ತಿಂಗಳಲ್ಲಿ ಬೇಗ ಗಟ್ಟಿಯಾಗಲಿ ಅಂತ ಬಿಸಿನೀರು ಹಾಕುವವರಿದ್ದಾರೆ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ. ನೀರೂ ಬಿಸಿ, ಸ್ಲ್ಯಾಬೂ ದಪ್ಪ, ಮೇಲಿಂದ ದಿಂಬಿನ ಮೇಲೆ ಇಟ್ಟು ಗಾಳಿಯೂ ಆಡದಿದ್ದರೆ ಒಳಗೆ ಚರ್ಮ ಸುಡುತ್ತದೆ. ಬೆಳಿಗ್ಗೆ ಹಾಕಿದ ನೀರಿನಲ್ಲೇ ಮಧ್ಯಾಹ್ನದ ತನಕ ಅದ್ದುವುದೂ ಅಂಥದ್ದೇ ರೂಢಿ. ನೀರಿನಲ್ಲಿ ಉಳಿದ ಪ್ಲಾಸ್ಟರ್ ಹೊಸ ರೋಲನ್ನು ಬೇಗ ಗಟ್ಟಿ ಮಾಡುತ್ತದೆ, ಶಾಖವೂ ಏರುತ್ತದೆ. ಪರೀಕ್ಷೆಯಲ್ಲಿ ಇವೇ ಪ್ರಶ್ನೆಗಳಾಗಿ ಬಂದರೆ ರೂಢಿಯ ಉತ್ತರ ಬರೆದವರಿಗೆ ಅಂಕ ಹೋಗುತ್ತದೆ.

ಇನ್ನೊಂದು, ಸಣ್ಣ ಆಸ್ಪತ್ರೆಯಲ್ಲಿ ಎಲ್ಲ ಕೇಸೂ ಬರುವುದಿಲ್ಲ. ಬಂದರೂ ಹುಬ್ಬಳ್ಳಿಗೋ ಗೋವಾಕ್ಕೋ ಮಣಿಪಾಲಕ್ಕೋ ಕಳಿಸಿಬಿಡುತ್ತಾರೆ. ಮಗುವಿಗೆ ಸೊಂಟದಿಂದ ಹಾಕುವ ಹಿಪ್ ಸ್ಪೈಕಾ, ತಿರುಚಿದ ಪಾದಕ್ಕೆ ಪಾನ್ಸೆಟಿ ವಿಧಾನದ ಕಟ್ಟು, ಎರಡು ವರ್ಷದೊಳಗಿನ ಮಕ್ಕಳ ಕಾಲನ್ನು ಮೇಲಕ್ಕೆ ತೂಗುಹಾಕುವ ಗ್ಯಾಲೋಸ್ ಟ್ರ್ಯಾಕ್ಷನ್, ಇವನ್ನೆಲ್ಲ ನೋಡದೆಯೇ ವರ್ಷಗಟ್ಟಲೆ ಕೆಲಸ ಮಾಡಿದವರಿದ್ದಾರೆ.

ಮನೆಯಲ್ಲೇ ಓದುವುದು

ಖರ್ಚು ಕಡಿಮೆ, ಸ್ವಾತಂತ್ರ್ಯ ಜಾಸ್ತಿ, ಮುಂದೂಡುವ ಚಟವೂ ಅಷ್ಟೇ ಜಾಸ್ತಿ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ, ಸಣ್ಣ ಮಕ್ಕಳಿರುವ ತಾಯಂದಿರಿಗೆ ಬೇರೆ ದಾರಿಯೂ ಇರುವುದಿಲ್ಲ.

ಪುಸ್ತಕಕ್ಕೆ ಹೆಚ್ಚು ಹಾಕಬೇಡಿ. ಎಂಬಿಬಿಎಸ್ ಮಕ್ಕಳು ಓದುವ ಆರ್ಥೋ ಪುಸ್ತಕವೊಂದು ಹಳೆಯದು ಸಿಕ್ಕರೆ ಮುರಿತ, ಟ್ರ್ಯಾಕ್ಷನ್, ತೊಂದರೆಗಳ ಭಾಗಕ್ಕೆ ಸಾಕು. ಆಪರೇಷನ್ ವಿವರಗಳ ಆಳಕ್ಕೆ ಇಳಿಯಬೇಡಿ. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ. ಪಾಸಾಗಿ ಹೋಗುವ ಮಕ್ಕಳ ಹತ್ತಿರ ಕೇಳಿದರೆ ಹಳೆ ಪುಸ್ತಕ ಸಿಗುವುದು ಕಷ್ಟವಲ್ಲ.

ಮನೆಯ ಓದಿಗೆ ಒಗ್ಗುವುದು ನೆನಪಿನಲ್ಲಿ ನಿಲ್ಲಬೇಕಾದ ವಿಷಯಗಳು. ಮಕ್ಕಳ ಬೆಳೆಯುವ ತುದಿಯ ಮುರಿತದಲ್ಲಿ ಸಾಲ್ಟರ್-ಹ್ಯಾರಿಸ್‌ನ ಐದು ವಿಧ. ತೆರೆದ ಗಾಯದ ಮುರಿತಕ್ಕೆ ಗಸ್ಟಿಲೊ ವರ್ಗೀಕರಣ. ಕೈಗೆ ಸ್ಲ್ಯಾಬ್ ಮಾಡಿದರೆ 8ರಿಂದ 10 ಪದರ, ಕಾಲಿಗೆ 12ರಿಂದ 15. ಚರ್ಮದ ಮೇಲಿನ ಟ್ರ್ಯಾಕ್ಷನ್‌ಗೆ ಸುಮಾರು 5 ಕಿಲೊ ಮೇಲೆ ಭಾರ ಹಾಕುವಂತಿಲ್ಲ, ಅದಕ್ಕೂ ಹೆಚ್ಚು ಬೇಕೆಂದರೆ ಮೂಳೆಗೆ ಪಿನ್ ಹಾಕಬೇಕು. ಊರುಗೋಲಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳಿನ ಸಂದು ಇರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಿಗೆ ಒತ್ತಿದರೆ ರೇಡಿಯಲ್ ನರ ಸೋತು ಮಣಿಕಟ್ಟು ಜೋಲುತ್ತದೆ. ಮೊಣಕಾಲ ಹೊರಬದಿಯ ಸಣ್ಣ ಉಬ್ಬಿನ ಮೇಲೆ ಪ್ಯಾಡಿಂಗ್ ಕಡಿಮೆಯಾದರೆ ಅಲ್ಲೇ ಹಾಯುವ ನರ ಒತ್ತಿ ಪಾದ ಬೀಳುತ್ತದೆ. ಪಾನ್ಸೆಟಿಯಲ್ಲಿ ವಾರಕ್ಕೊಂದರಂತೆ ಕಟ್ಟು ಬದಲಾಯಿಸುತ್ತಾರೆ, ತಿದ್ದುವ ಕ್ರಮ ತಪ್ಪುವಂತಿಲ್ಲ, ಕೊನೆಗೆ ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಬ್ರೇಸ್. ಇಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಕಾರಣ, ಎದುರಿಗೆ ಇಂಗ್ಲಿಷ್ ಹೆಸರು ಹೀಗೆ ಬರೆದುಕೊಂಡರೆ ಎರಡೂ ಒಟ್ಟಿಗೆ ಹತ್ತುತ್ತವೆ.

ಮನೆಯ ಓದಿನ ದೊಡ್ಡ ತೊಂದರೆ ಏನೆಂದರೆ, ತಪ್ಪಾಗಿ ಅರ್ಥ ಮಾಡಿಕೊಂಡದ್ದು ಹಾಗೇ ಗಟ್ಟಿಯಾಗುತ್ತದೆ. ಒಂದು ಉದಾಹರಣೆ ನೋಡಿ. ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಬಹುದು.

ಹುಡುಗನೊಬ್ಬನಿಗೆ ಮುಂಗೈ ಮುರಿದು ನಿನ್ನೆ ಸಂಜೆ ಮೊಣಕೈ ಮೇಲಿನವರೆಗೆ ಪೂರ್ತಿ ಕಟ್ಟು ಹಾಕಿದ್ದಾರೆ. ರಾತ್ರಿಯಿಂದ ನೋವು ಏರುತ್ತಲೇ ಇದೆ, ಮಾತ್ರೆಗೆ ಬಗ್ಗುತ್ತಿಲ್ಲ. ಬೆರಳನ್ನು ನೀವು ಮೆಲ್ಲಗೆ ಬಿಡಿಸಿದರೆ ಚೀರುತ್ತಾನೆ. ಉಗುರು ಒತ್ತಿ ಬಿಟ್ಟರೆ ಬಣ್ಣ ಮಾತ್ರ ಮರಳಿ ಬರುತ್ತದೆ. ಈಗ ಏನು ಮಾಡುತ್ತೀರಿ? ಕೈಯನ್ನು ಇನ್ನೂ ಎತ್ತರಕ್ಕೆ ಇಡುವುದು, ನೋವಿಗೆ ಇಂಜೆಕ್ಷನ್ ಕೊಡಿಸಿ ಕಾಯುವುದು, ಬೆರಳು ತಣ್ಣಗಾದರೆ ಡಾಕ್ಟರಿಗೆ ಹೇಳುವುದು, ತಕ್ಷಣ ಡಾಕ್ಟರಿಗೆ ತಿಳಿಸಿ ಕಟ್ಟನ್ನು ಚರ್ಮದವರೆಗೆ ಸೀಳಲು ಸಿದ್ಧವಾಗುವುದು.

ಒಬ್ಬರೇ ಓದಿದವರಲ್ಲಿ ಅನೇಕರು ಮೊದಲನೆಯದನ್ನು ಗುರುತು ಮಾಡುತ್ತಾರೆ. ಊತಕ್ಕೆ ಕೈ ಎತ್ತಿ ಇಡಬೇಕು ಅಂತ ಪುಸ್ತಕದಲ್ಲಿ ಇದೆಯಲ್ಲ! ಅದು ಮಾಮೂಲಿ ಊತಕ್ಕೆ. ಇಲ್ಲಿ ಸಂಶಯ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ದು, ಅಂದರೆ ಸ್ನಾಯುವಿನ ಗೂಡಿನೊಳಗೆ ಒತ್ತಡ ಏರಿ ರಕ್ತ ಹೋಗದಿರುವುದು. ಕೈ ಎತ್ತಿದರೆ ಇದ್ದ ರಕ್ತವೂ ಕಡಿಮೆ. ಹೃದಯದ ಮಟ್ಟದಲ್ಲೇ ಇಡಬೇಕು. ಬಣ್ಣ ಮರಳುತ್ತದೆ, ಬೆರಳು ಬೆಚ್ಚಗಿದೆ ಅಂತ ಸುಮ್ಮನಿರುವಂತಿಲ್ಲ, ಅವು ಕೆಡುವುದು ಕೊನೆಗೆ. ಕಟ್ಟು ಸೀಳುವಾಗಲೂ ಒಳಗಿನ ಹತ್ತಿಯನ್ನೂ ಸೇರಿಸಿ ಚರ್ಮ ಕಾಣುವವರೆಗೆ, ಪೂರ್ತಿ ಉದ್ದಕ್ಕೆ ಸೀಳಬೇಕು. ಬಿಟ್ಟರೆ ಸ್ನಾಯು ಸತ್ತು ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ, ಅದಕ್ಕೆ ವೋಲ್ಕ್‌ಮನ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಹಿರಿಯ ಟೆಕ್ನಿಷಿಯನ್ ಒಬ್ಬರು ಈ ಒಂದು ಪ್ರಶ್ನೆಯ ಮೇಲೆ ಕಾಲು ಗಂಟೆ ಮಾತಾಡಿದರೆ ಪುಸ್ತಕದ ಒಂದು ಅಧ್ಯಾಯ ಓದಿದ ಹಾಗೆ. ಮನೆಯಲ್ಲಿ ಓದುವವರು ವಾರಕ್ಕೊಮ್ಮೆಯಾದರೂ ಇಂಥ ಒಬ್ಬರ ಎದುರು ಕೂರಬೇಕು.

ಆನ್‌ಲೈನ್ ಕೋಚಿಂಗ್ ಮತ್ತು ಪ್ರಶ್ನೆಗಳ ಬ್ಯಾಂಕ್

ದುಡ್ಡು ಕಟ್ಟುವುದೇ ಆದರೆ ನಾನು ಮೊದಲು ಕಟ್ಟುವುದು ಪ್ರಶ್ನೆಗಳಿಗೆ, ಕ್ಲಾಸಿಗಲ್ಲ. ಪ್ರಶ್ನೆ ಬಿಡಿಸುವುದೇ ಒಂದು ಕಸುಬು. ಅದು ಬರುವುದು ಬಿಡಿಸಿಯೇ. ಆದರೆ ಪ್ರತಿ ಉತ್ತರದ ಕೆಳಗೆ ಕಾರಣ ಬರೆದಿರುವ ಬ್ಯಾಂಕ್ ಮಾತ್ರ ಕೊಳ್ಳಿ. ಬರೀ "ಸರಿಯುತ್ತರ ಸಿ" ಅಂತಿದ್ದರೆ ಅದು ಬಿಟ್ಟಿ ಕೊಟ್ಟರೂ ದಂಡ.

ಅಮೆರಿಕದ ಒಟಿಸಿಗೆ ಕೂರುವವರಿಗೆ ಮಾತ್ರ ಆನ್‌ಲೈನ್ ಬಿಟ್ಟರೆ ಗತಿಯಿಲ್ಲ ಅನ್ನಬಹುದು. ಅಲ್ಲಿನ ಮಾತೇ ಬೇರೆ. ನಾವು ಸ್ಲ್ಯಾಬ್ ಅನ್ನುವುದಕ್ಕೆ ಅವರು ಸ್ಪ್ಲಿಂಟ್ ಅನ್ನುತ್ತಾರೆ. ನಮ್ಮ ಬಿಲೋ ನೀ ಕಟ್ಟು ಅವರ ಶಾರ್ಟ್ ಲೆಗ್ ಕಾಸ್ಟ್, ಅಬೌ ನೀ ಅಂದರೆ ಲಾಂಗ್ ಲೆಗ್. ತೋಳಿಗೆ ನಾವು ಹಾಕುವ ಯು ಸ್ಲ್ಯಾಬ್ ಅಲ್ಲಿ ಕೋಆಪ್ಟೇಶನ್ ಸ್ಪ್ಲಿಂಟ್. ಭಾರ ಪೌಂಡಿನಲ್ಲಿ, ಶಾಖ ಫ್ಯಾರನ್‌ಹೀಟಿನಲ್ಲಿ. ಒಂದು ಕಿಲೊ ಅಂದರೆ 2.2 ಪೌಂಡ್ ಅಂತ ಕೈಯಲ್ಲೇ ಇಟ್ಟುಕೊಂಡಿರಬೇಕು. ವಿಷಯ ಗೊತ್ತಿದ್ದೂ ಹೆಸರಿಗೆ ಮುಗ್ಗರಿಸಿದರೆ ಬೇಜಾರು ಅಲ್ವಾ?

ಲೈವ್ ಕ್ಲಾಸಿನ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಸಂಜೆ ಏಳಕ್ಕೆ ಕ್ಲಾಸ್, ಅದೇ ಹೊತ್ತಿಗೆ ಕ್ಯಾಶುಯಲ್ಟಿಗೆ ಬೈಕಿನವರು ಬರುತ್ತಾರೆ. ಜೋಯಿಡಾ, ಯಲ್ಲಾಪುರದ ಒಳ ಊರುಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಮಳೆ ಹಿಡಿದರೆ ಕರೆಂಟೂ ಇಲ್ಲ. ರೆಕಾರ್ಡ್ ಮಾಡಿದ ಪಾಠ, ಅದೂ ಮೊಬೈಲಿಗೆ ಇಳಿಸಿಟ್ಟುಕೊಳ್ಳಲು ಬಿಡುವಂಥದ್ದು ಇದ್ದರೆ ಒಳ್ಳೆಯದು. ಬಿಟ್ಟಿ ವಿಡಿಯೊಗಳು ರಾಶಿ ಇವೆ. ನೋಡಿ, ಆದರೆ ನೆನಪಿರಲಿ: ನೀವು ಅವರ ಕೈ ನೋಡುತ್ತೀರಿ, ಅವರು ನಿಮ್ಮ ಕೈ ನೋಡುವುದಿಲ್ಲ. ಕೈ ಕೊರತೆ ಇರುವವರು ಆನ್‌ಲೈನಿಗೆ ಸುರಿದ ದುಡ್ಡು ನೀರಿಗೆ ಹಾಕಿದ ಹಾಗೆ.

ಊರು ಬಿಟ್ಟು ಹೋಗಿ ಕಲಿಯುವುದು

ಇದರಲ್ಲಿ ಎರಡು ಬಗೆ. ಒಂದು, ಪೂರ್ತಿ ಕೋರ್ಸ್ ಸೇರಿಬಿಡುವುದು. ಇನ್ನೊಂದು, ದೊಡ್ಡ ಆಸ್ಪತ್ರೆಯೊಂದರಲ್ಲಿ ಅನುಮತಿ ಪಡೆದು ಕೆಲವು ವಾರ ನಿಂತು ನೋಡುವುದು.

ಪೂರ್ತಿ ಕೋರ್ಸ್ ಈಗಷ್ಟೇ ಪಿಯುಸಿ ಮುಗಿಸಿದವರಿಗೆ ಸರಿ. ಕೈ, ಪೇಪರ್, ಕಾಗದ ಮೂರೂ ಒಂದೇ ಕಡೆ ಸಿಗುತ್ತವೆ. ಸಂಸಾರ ಇರುವ, ಸಂಬಳ ಬರುತ್ತಿರುವ ಅಟೆಂಡರಿಗೆ ನಾನು ಹೇಳುವುದಿಲ್ಲ. ಅವರಿಗೆ ಬೇಕಾದ್ದು ಅದರ ಕಾಲುಭಾಗ, ತೆರುವುದು ಪೂರ್ತಿ. ಕಾಗದಕ್ಕೆ ಕೋರ್ಸೇ ಆಗಬೇಕು ಅಂತ ಆಸ್ಪತ್ರೆ ಬರೆದುಕೊಟ್ಟಿದ್ದರೆ ಮಾತ್ರ ಬೇರೆ ಮಾತು.

ಕೆಲವು ವಾರ ನಿಂತು ನೋಡುವುದು ಬಹಳ ಜನಕ್ಕೆ ಹೊಳೆಯದ ದಾರಿ. ನಿಮ್ಮ ಡಾಕ್ಟರ್ ಓದಿದ ಕಾಲೇಜಿನಲ್ಲಿ ಅವರ ಪರಿಚಯದವರು ಇದ್ದೇ ಇರುತ್ತಾರೆ. ಅವರ ಒಂದು ಪತ್ರ ಇದ್ದರೆ ಕೇಳುವುದಕ್ಕೆ ಬಾಯಿ ಬರುತ್ತದೆ. ಹೋಗುವ ಮೊದಲು ಕೈಪಿಡಿ ತೆರೆದು, ನೀವು ಕಣ್ಣಾರೆ ನೋಡಿರದ ಕೆಲಸಗಳಿಗೆ ಗುರುತು ಹಾಕಿ. ನಾಲ್ಕೈದು ಮಾತ್ರ ಇದ್ದರೆ ಹೋಗುವ ಅಗತ್ಯವೇ ಇಲ್ಲ. ವಿಡಿಯೊ, ಪುಸ್ತಕ ಸಾಕು. ಪುಟ ತುಂಬಿದರೆ ಹೋಗಿ. ಹೋದಲ್ಲಿ ಪಾನ್ಸೆಟಿ ಕ್ಲಿನಿಕ್ ಯಾವ ವಾರ, ಮಕ್ಕಳ ಓಟಿ ಯಾವ ವಾರ ಅಂತ ಮೊದಲ ದಿನವೇ ಕೇಳಿಕೊಳ್ಳಿ. ಸುಮ್ನೆ ವಾರ್ಡು ಸುತ್ತಿದರೆ ದಿನ ಕಳೆಯುತ್ತದೆ.

ಎಲ್ಲಿಗೆ ಅನ್ನುವುದು ನೀವಿರುವ ಊರಿನ ಮೇಲೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೊಮೀಟರ್, ಘಟ್ಟ ಇಳಿಯುವ ಗೋಜಿಲ್ಲ. ಕಾರವಾರದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಬೇಕು, ದೂರವೂ ಜಾಸ್ತಿ. ಕರಾವಳಿಯವರಿಗೆ ರೈಲಿನಲ್ಲಿ ಮಂಗಳೂರು, ಉಡುಪಿ ಕಡೆಗೆ ಹೋಗುವುದೇ ಸಲೀಸು. ಆದರೆ ಅದಕ್ಕೂ ಮೊದಲು ನಿಮ್ಮದೇ ಜಿಲ್ಲೆಯ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಿ ನೋಡಿ. ಮನೆಯಿಂದಲೇ ಓಡಾಡುವಂತಾದರೆ ಬಾಡಿಗೆ ಉಳಿಯಿತು.

ಯಾವಾಗ ಅನ್ನುವುದೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಾ ಓಡಾಡುವ ಯೋಜನೆ ಬೇಡ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ದೇವಿಮನೆ ಘಟ್ಟದ ಕಥೆಯಂತೂ ಹೇಳುವುದೇ ಬೇಡ. ಮಳೆಗಾಲ ಮನೆಯ ಓದಿಗೆ, ಬೇಸಿಗೆ ಊರು ಬಿಡುವುದಕ್ಕೆ. ಘಟ್ಟದ ಮೇಲಿನವರಿಗೆ ಕೊಯ್ಲಿನ ತಿಂಗಳಲ್ಲಿ ರಜೆ ಸಿಗುವುದಿಲ್ಲ, ಸಿಕ್ಕಿದರೂ ಹೋಗಬೇಡಿ. ಪ್ಲಾಸ್ಟರ್ ರೂಮಿನಲ್ಲಿ ಕಲಿಯಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಜೊತೆ ಓದು

ಇದು ಬೇರೆ ದಾರಿ ಅಲ್ಲ, ಯಾವ ದಾರಿಗಾದರೂ ಸೇರಿಸಿಕೊಳ್ಳಬಹುದು. ಕೈ ಬಲ್ಲವರೊಬ್ಬರು, ಪುಸ್ತಕ ಬಲ್ಲವರೊಬ್ಬರು ಇದ್ದರೆ ಸಾಕು. ನಾಲ್ಕು ಜನ ಮೀರಿದರೆ ಅದು ಚಹಾ ಕುಡಿಯುವ ಗುಂಪಾಗುತ್ತದೆ.

ಯಾರಿಗೆ ಯಾವುದು

ಹಳೆಯ ಅಟೆಂಡರ್ ಅಣ್ಣನಿಗೆ: ಕೆಲಸ ಬಿಡಬೇಡಿ. ಕೈ ಇದೆ, ಪೇಪರ್ ಇಲ್ಲ. ಹಳೆ ಪುಸ್ತಕ, ಕಾರಣ ಕೊಡುವ ಪ್ರಶ್ನೆ ಬ್ಯಾಂಕ್, ವಾರಕ್ಕೊಮ್ಮೆ ಇಂಗ್ಲಿಷ್ ಬಲ್ಲ ಯಾರಾದರೂ ಪ್ರಶ್ನೆ ಓದಿ ಬಿಡಿಸಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳೇ ಆದೀತು. ನೀವು ಓದಬೇಕಾದ್ದಕ್ಕಿಂತ ಬಿಡಬೇಕಾದ ರೂಢಿಗಳು ಮುಖ್ಯ. ಬಿಸಿನೀರಿನಿಂದ ಶುರು ಮಾಡಿ. ಪರೀಕ್ಷೆಗೆ ಕೂರಲು ಅನುಭವದ ಪತ್ರ ಬೇಕಾದರೆ ಆಸ್ಪತ್ರೆಯಿಂದ ಈಗಲೇ ಬರೆಸಿಕೊಳ್ಳಿ, ತಾರೀಕು ಹಾಕಿಸಿ. ಡಾಕ್ಟರು ವರ್ಗವಾಗಿ ಹೋದ ಮೇಲೆ ಆ ಪತ್ರಕ್ಕೆ ಅಲೆಯುವುದು ಬೇಡ.

ಓಟಿ ಡಿಪ್ಲೊಮಾ ಹುಡುಗಿಗೆ: ಆನ್‌ಲೈನ್ ಬೇಡ, ಸದ್ಯಕ್ಕೆ. ಸಂಬಳ ಸ್ವಲ್ಪ ಕಡಿಮೆಯಾದರೂ ಆರ್ಥೋ ಕೇಸು ಜಾಸ್ತಿ ಇರುವ ಆಸ್ಪತ್ರೆ ಹಿಡಿ. ಅಲ್ಲಿ ಒಂದು ಕೊಯ್ಲಿನ ಕಾಲ ಕಳೆಯಲಿ, ಆಮೇಲೆ ಪ್ರಶ್ನೆಗಳಿಗೆ ಕೂತುಕೋ. ಸ್ಟೆರೈಲ್ ಪದ್ಧತಿ, ಸಲಕರಣೆ ನಿನಗೆ ಆಗಲೇ ಗೊತ್ತು, ಅದನ್ನು ಮತ್ತೆ ಓದುತ್ತಾ ಹೊತ್ತು ಕಳೆಯಬೇಡ. ಆ ಭಾಗದಲ್ಲಿ ಅಂಕ ನಿನ್ನದೇ.

ಗಲ್ಫಿನವರಿಗೆ: ಮೊದಲು ಆ ದೇಶದ ಲೈಸೆನ್ಸ್ ನಿಯಮ, ನಂತರ ಪರೀಕ್ಷೆ, ಕೊನೆಗೆ ಓದು. ಈ ಕ್ರಮ ತಲೆಕೆಳಗಾದರೆ ಪಾಸಾದರೂ ವೀಸಾ ಬರುವುದಿಲ್ಲ. ನಿಮಗೆ ಆನ್‌ಲೈನ್ ಪ್ರಶ್ನೆ ಬ್ಯಾಂಕಿನ ಖರ್ಚು ನ್ಯಾಯವೇ, ಇಂಗ್ಲಿಷಿಗೂ ಸ್ವಲ್ಪ ತೆಗೆದಿಡಿ.

ಮಕ್ಕಳಿರುವ ಸಿಸ್ಟರ್‌ಗಳು, ಮನೆ ಬಿಟ್ಟು ಹೋಗಲಾಗದವರು ಮನೆಯ ಓದಿಗೆ ಜೊತೆಗಾರರೊಬ್ಬರನ್ನು ಸೇರಿಸಿಕೊಂಡು, ವಾರದಲ್ಲಿ ಒಂದು ದಿನ ಡ್ಯೂಟಿಯನ್ನು ಪ್ಲಾಸ್ಟರ್ ರೂಮಿಗೆ ಹಾಕಿಸಿಕೊಳ್ಳಲು ನೋಡಿ. ಸೂಪರಿಂಟೆಂಡೆಂಟ್ ಒಪ್ಪಿದರೆ ನಿಮಗೆ ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ.

ಇಷ್ಟಾದ ಮೇಲೂ ಆನ್‌ಲೈನ್ ಕೋಚಿಂಗ್‌ಗೆ ಕಟ್ಟಬೇಕು ಅಂತ ಮನಸ್ಸಿದ್ದರೆ, ಕಟ್ಟುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಪಾಠ ಮಾಡುವವರು ಪ್ಲಾಸ್ಟರ್ ರೂಮಿನಲ್ಲಿ ಕೆಲಸ ಮಾಡಿದ್ದಾರಾ? ನಾನು ಕೂರುವ ಪರೀಕ್ಷೆಯ ಕೈಪಿಡಿಯ ಯಾವ ಯಾವ ಭಾಗ ಮಾಡುತ್ತೀರಿ? ಒಂದು ಪಾಠ ನೋಡಿ ನಿರ್ಧರಿಸಬಹುದಾ? ನಡುವೆ ಬಿಟ್ಟರೆ ದುಡ್ಡು ವಾಪಸ್ ಕೊಡುತ್ತೀರಾ, ಅದನ್ನು ಬರೆದು ಕೊಡುತ್ತೀರಾ? ನಾಲ್ಕನೇ ಪ್ರಶ್ನೆಗೆ "ಸಂಜೆ ಸರ್ ಫೋನ್ ಮಾಡುತ್ತಾರೆ" ಅಂದರೆ ಆ ದುಡ್ಡನ್ನು ಹುಬ್ಬಳ್ಳಿಯ ಎರಡು ವಾರದ ರೂಮಿಗೆ ಇಟ್ಟುಕೊಳ್ಳಿ.